ಕುಡಿತ ಬಿಟ್ಟೆ, ಕ್ರಿಸ್ತನನ್ನು ನಂಬಿದೆ: ಮುಂದಿನ ತಿಂಗಳೇ ದೀಕ್ಷಾಸ್ನಾನ ತೆಗೆದುಕೊಳ್ಳಬೇಕೇ?

ಓದುಗರ ಪ್ರಶ್ನೆ: ನನಗೆ 38 ವರ್ಷ. ತುಮಕೂರು ಜಿಲ್ಲೆಯ ಹಳ್ಳಿಯವನು, ಪರಿಶಿಷ್ಟ ಜಾತಿಗೆ ಸೇರಿದವನು. ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಮಾಡುತ್ತೇನೆ. ಕುಡಿತದಿಂದ ಎರಡು ಸಲ ಕೆಲಸ ಕಳೆದುಕೊಂಡೆ, ಹೆಂಡತಿಯ ಒಡವೆಗಳನ್ನು ಅಡವಿಟ್ಟು ಕಳೆದೆ. 14 ತಿಂಗಳ ಹಿಂದೆ ಜೊತೆ ಕೆಲಸಗಾರರೊಬ್ಬರು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದರು. ಅಂದು ಮಗುವಿನಂತೆ ಅತ್ತೆ. ಆಸ್ಪತ್ರೆಗೂ ಆಗಲೇ ಹೋಗತೊಡಗಿದೆ. ಅಲ್ಲಿಂದ ಈಚೆಗೆ ಒಂದು ಹನಿ ಮುಟ್ಟಿಲ್ಲ. ಮುಂದಿನ ತಿಂಗಳೇ ದೀಕ್ಷಾಸ್ನಾನ ತೆಗೆದುಕೊಳ್ಳಬೇಕು, ತಡಮಾಡಿದರೆ ಸೈತಾನನು ಹಳೆಯ ಬದುಕಿಗೆ ಎಳೆಯುತ್ತಾನೆ ಎಂದು ಪಾಸ್ಟರ್ ಹೇಳುತ್ತಿದ್ದಾರೆ. ಕಾರ್ಖಾನೆ ಬಿಟ್ಟು ಪೂರ್ಣಾವಧಿ ಸೇವೆಗೆ ಬಾ ಎಂದೂ ಕರೆದಿದ್ದಾರೆ. ಸಭೆಯ (ಚರ್ಚಿನ) ಹಿರಿಯರೊಬ್ಬರು ವೈದ್ಯರ ಮಾತ್ರೆ ನುಂಗುವುದು ಅವಿಶ್ವಾಸ ಎಂದರು. ಹೆಂಡತಿ, "ಕುಡಿತ ಬಿಡಿಸಿದ ನಿಮ್ಮ ಯೇಸುವಿಗೆ ನಾನೂ ಕೈಮುಗೀತೀನಿ, ಆದರೆ ಕುಂಕುಮ ಅಳಿಸು ಅಂದರೆ ತವರಿಗೆ ಹೋಗ್ತೀನಿ" ಎನ್ನುತ್ತಾಳೆ. ತಾಯಿ ಕೇಳುವುದು ಒಂದೇ ಮಾತು: "ನನ್ನ ಮಣ್ಣಿಗೆ ಬರ್ತೀಯೋ ಇಲ್ವೋ, ಅಷ್ಟು ಹೇಳು." ತಂದೆ ತೀರಿಕೊಂಡು ಆರು ವರ್ಷವಾಯಿತು, ಎರಡು ಎಕರೆಯ ಪಹಣಿ ಇನ್ನೂ ಅವರ ಹೆಸರಿನಲ್ಲಿದೆ. ಮತಾಂತರವಾದರೆ ಪಾಲಿಲ್ಲ, ಮಕ್ಕಳ ಜಾತಿ ಪ್ರಮಾಣಪತ್ರವೂ ಹೋಗುತ್ತದೆ ಎಂದು ಅಣ್ಣ ಹೆದರಿಸುತ್ತಿದ್ದಾನೆ. ಮಗಳಿಗೆ 12, ಮಗನಿಗೆ 9. ನನ್ನಲ್ಲಿ ಆದ ಬದಲಾವಣೆ ನಿಜವೋ, ಬರಿಯ ಆವೇಶವೋ? ದೀಕ್ಷಾಸ್ನಾನ ಬೇಡವೆಂದರೆ ದೇವರಿಗೆ ದ್ರೋಹ, ಬೇಕೆಂದರೆ ಮನೆಯವರಿಗೆ ದ್ರೋಹ ಎಂಬಂತಾಗಿದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಭಾಪಾಲಕನಾಗಿಯೂ ಆಪ್ತಸಮಾಲೋಚಕನಾಗಿಯೂ ಮೂವತ್ತು ವರ್ಷಗಳ ಅವಧಿಯಲ್ಲಿ, ನಿಮ್ಮಂತೆಯೇ ಒಂದು ಕೈಯಲ್ಲಿ ಹೊಸದಾಗಿ ದೊರೆತ ಸಮಾಧಾನವನ್ನೂ ಇನ್ನೊಂದು ಕೈಯಲ್ಲಿ ಮನೆಯವರ ಕಣ್ಣೀರನ್ನೂ ಹಿಡಿದುಕೊಂಡು ಬಂದ ಹಲವರೊಂದಿಗೆ ಕುಳಿತು ಮಾತನಾಡಿದ್ದೇನೆ. ನಾನು ಕ್ರೈಸ್ತನು, ದೀಕ್ಷಾಸ್ನಾನವನ್ನು ಪವಿತ್ರವೆಂದು ನಂಬುವವನು. ನನ್ನ ಮಾತನ್ನು ತೂಗುವಾಗ ಇದು ನಿಮ್ಮ ಗಮನದಲ್ಲಿರಲಿ. ಹಾಗಿದ್ದೂ ಮುಂದಿನ ತಿಂಗಳ ದೀಕ್ಷಾಸ್ನಾನಕ್ಕೆ ನೀವು ಒಪ್ಪಬಾರದು ಎಂಬುದೇ ನನ್ನ ಅಭಿಪ್ರಾಯ. ನಿಮ್ಮ ನಂಬಿಕೆ ಸುಳ್ಳು ಎಂದು ನನಗೆ ಅನ್ನಿಸಿಲ್ಲ. ಅದು ನಿಜವೆಂದೇ ತೋರುತ್ತದೆ, ಆದ್ದರಿಂದಲೇ ಅದಕ್ಕೆ ಕಾಲಾವಕಾಶ ಬೇಕು ಎನ್ನುತ್ತೇನೆ.

ನಿಜವೋ ಆವೇಶವೋ ಎಂಬ ಪ್ರಶ್ನೆಯಿಂದಲೇ ಹೊರಡೋಣ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಒಂದೇ ಸಂಜೆಯಲ್ಲಿ ಅತ್ತು ಬದಲಾಗುವುದು ಮನಶ್ಶಾಸ್ತ್ರಕ್ಕೆ ಅಪರಿಚಿತವಾದ ಸಂಗತಿಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ನೂರಿಪ್ಪತ್ತು ವರ್ಷಗಳ ಹಿಂದೆಯೇ ಇಂಥ ಅನುಭವಗಳನ್ನು ಸಂಗ್ರಹಿಸಿ, ಒಳಗೇ ಎರಡಾಗಿ ಸೀಳಿಹೋದ ಮನಸ್ಸು ಒಂದಾಗುವ ಘಳಿಗೆ ಅದು ಎಂದು ವಿವರಿಸಿದ್ದರು. ನೀವು ಹಲವು ವರ್ಷ ಕುಡಿಯುವವನಾಗಿಯೂ, ಕುಡಿತವನ್ನು ದ್ವೇಷಿಸುವವನಾಗಿಯೂ ಬದುಕಿದ್ದೀರಿ. ಆ ಸಂಜೆ ಎರಡನೆಯವನು ಗೆದ್ದ. ಅಳು ಅಂದೇ ಬಂದಿರಬಹುದು, ಅದರ ಸಿದ್ಧತೆ ಮಾತ್ರ ಒಡವೆ ಅಡವಿಟ್ಟ ದಿನದಿಂದಲೇ ಒಳಗೆ ನಡೆದಿತ್ತು. ಕನ್ನಡ ಸತ್ಯವೇದದಲ್ಲಿ (ಬೈಬಲಿನಲ್ಲಿ) "ದೇವರ ಕಡೆಗೆ ತಿರುಗಿಕೊಳ್ಳಿರಿ" ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ತಿರುಗಿಕೊಳ್ಳುವುದು ಒಂದು ಕ್ಷಣದ ಕೆಲಸವಿರಬಹುದು. ತಿರುಗಿದ ದಿಕ್ಕಿನಲ್ಲಿ ನಡೆಯುವುದು ವರ್ಷಗಳ ಕೆಲಸ. ದಮಸ್ಕದ ದಾರಿಯಲ್ಲಿ ಬೆಳಕು ಕಂಡು ಕ್ರಿಸ್ತನ ಕಡೆಗೆ ತಿರುಗಿದ ಪೌಲನ ಕಥೆಯನ್ನು ನಿಮಗೆ ಖಂಡಿತ ಹೇಳಿರುತ್ತಾರೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅದೇ ಪೌಲನು, ತಾನು ಅರಬಸ್ಥಾನಕ್ಕೆ ಹೋಗಿದ್ದೆನೆಂದೂ ಮೂರು ವರ್ಷಗಳಾದ ಮೇಲೆಯೇ ಯೆರೂಸಲೇಮಿನ ಹಿರಿಯರನ್ನು ಕಂಡೆನೆಂದೂ ಹೇಳಿಕೊಳ್ಳುವ ಭಾಗವನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ.

ಕುಡಿತದ ಮಟ್ಟಿಗೆ ಇದನ್ನು ಇನ್ನೂ ಸ್ಪಷ್ಟವಾಗಿ ಹೇಳಬೇಕು. ಮದ್ಯ ಬಿಟ್ಟ ಮೊದಲ ತಿಂಗಳುಗಳಲ್ಲಿ ನಿದ್ದೆ ಮರಳುತ್ತದೆ, ಹಸಿವು ಮರಳುತ್ತದೆ, ಮಕ್ಕಳು ಹತ್ತಿರ ಬರುತ್ತಾರೆ. ಆ ಸಂತೋಷದಲ್ಲಿ ದೇಹದ ಚೇತರಿಕೆಯ ಪಾಲೂ ಇದೆ, ಪ್ರಾರ್ಥನೆಯ ಪಾಲೂ ಇದೆ. ಎರಡನ್ನೂ ದೇವರ ಕೊಡುಗೆಯೆಂದೇ ನಾನು ಎಣಿಸುತ್ತೇನೆ. ಆದರೆ ಆ ಮೊದಲ ಹುರುಪು ಇಳಿಯುವ ಕಾಲ ಬಂದೇ ಬರುತ್ತದೆ, ಆಗ ಬರಿಯ ಅನುಭವದ ನೆನಪು ಮನುಷ್ಯನನ್ನು ಹಿಡಿದು ನಿಲ್ಲಿಸುವುದಿಲ್ಲ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘವನ್ನು ಕಟ್ಟಿದ ಬಿಲ್ ವಿಲ್ಸನ್ ಅವರಿಗೆ 1934ರ ಡಿಸೆಂಬರಿನಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ, ಕೋಣೆಯೆಲ್ಲ ಬೆಳಕಾದಂಥ ದೈವಾನುಭವವಾಯಿತು. ಹಾಗಿದ್ದೂ ಐದಾರು ತಿಂಗಳ ಬಳಿಕ ಏಕ್ರನ್ ಎಂಬ ಊರಿನ ಹೋಟೆಲಿನಲ್ಲಿ ಒಂಟಿಯಾಗಿ ನಿಂತಾಗ, ಪಕ್ಕದ ಮದ್ಯದಂಗಡಿ ಅವರನ್ನು ಸೆಳೆಯಿತು. ಅವರು ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ದೂರವಾಣಿ ಮಾಡುತ್ತ ಹೋದರು. ತನ್ನಂತೆಯೇ ಕುಡಿತದಲ್ಲಿ ಸಿಕ್ಕಿಬಿದ್ದ ಇನ್ನೊಬ್ಬ ಮನುಷ್ಯ ಮಾತಿಗೆ ಬೇಕಾಗಿತ್ತು, ಅಷ್ಟೆ. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. 1935ರಲ್ಲಿ ಆ ಇಬ್ಬರ ಮಾತುಕತೆಯಿಂದಲೇ ಸಂಘ ಹುಟ್ಟಿತು. ಬೆಂಗಳೂರಿನಲ್ಲಿ ಆ ಸಂಘದ ಕೂಟಗಳು ಕನ್ನಡದಲ್ಲೂ ನಡೆಯುತ್ತವೆ, ಹಣ ಕೇಳುವುದಿಲ್ಲ, ಧರ್ಮ ಕೇಳುವುದಿಲ್ಲ. ನಿಮ್ಮ ಭಾನುವಾರದ ಆರಾಧನೆಯ ಜೊತೆಗೆ ವಾರಕ್ಕೊಂದು ಸಂಜೆ ಅಲ್ಲಿಗೆ ಹೋಗಿ. ಸೈತಾನನು ಎಳೆಯುತ್ತಾನೆ ಎಂದು ಪಾಸ್ಟರ್ ಯಾವುದನ್ನು ಕುರಿತು ಹೇಳುತ್ತಿದ್ದಾರೋ, ಆ ಸೆಳೆತ ದೀಕ್ಷಾಸ್ನಾನವಾದ ಮರುದಿನವೂ ಇರುತ್ತದೆ. ನೀರಿನಿಂದ ಮೇಲೆದ್ದ ಕೂಡಲೇ ಅದು ಮಾಯವಾಗುತ್ತದೆಂದು ನಂಬಿದವರು, ಒಮ್ಮೆ ಎಡವಿದಾಗ ನಾಚಿಕೆಯಿಂದ ಸಭೆಯನ್ನೂ ದೇವರನ್ನೂ ಒಟ್ಟಿಗೇ ಬಿಟ್ಟುಹೋದದ್ದನ್ನು ನಾನು ಕಂಡಿದ್ದೇನೆ.

ಮಾತ್ರೆಯ ವಿಷಯದಲ್ಲಿ ಎರಡನೆಯ ಮಾತಿಲ್ಲ. ವೈದ್ಯರು ನಿಲ್ಲಿಸೆನ್ನುವವರೆಗೆ ನಿಲ್ಲಿಸಬೇಡಿ. ಸುವಾರ್ತೆಯನ್ನು ಬರೆದ ಲೂಕನನ್ನು ಪೌಲನು "ಪ್ರಿಯ ವೈದ್ಯ" ಎಂದು ಕರೆಯುತ್ತಾನೆ. ಔಷಧಿ ತೆಗೆದುಕೊಳ್ಳುವುದು ಅವಿಶ್ವಾಸವಾಗಿದ್ದರೆ ಆ ಮಾತು ಅಲ್ಲಿ ಇರುತ್ತಿರಲಿಲ್ಲ. ನಿಮಗೆ ಹಾಗೆ ಹೇಳಿದ ಹಿರಿಯರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಆ ಸಲಹೆಯಿಂದ ಪ್ರಾಣಕ್ಕೆ ಕುತ್ತು ಬಂದೀತು.

ಇನ್ನು ದೀಕ್ಷಾಸ್ನಾನದ ಅವಸರ. ಅಪೊಸ್ತಲರ ಕೃತ್ಯಗಳಲ್ಲಿ ಇಥಿಯೋಪ್ಯದ ಅಧಿಕಾರಿಯೊಬ್ಬನು ದಾರಿಯಲ್ಲಿ ನೀರು ಕಂಡ ಕೂಡಲೇ ದೀಕ್ಷಾಸ್ನಾನ ಪಡೆದದ್ದನ್ನೂ, ಫಿಲಿಪ್ಪಿಯ ಸೆರೆಮನೆಯ ಯಜಮಾನನು ಅದೇ ರಾತ್ರಿ ಪಡೆದದ್ದನ್ನೂ ನಿಮ್ಮ ಪಾಸ್ಟರ್ ತೋರಿಸಬಹುದು. ಆ ಮಾತುಗಳು ಅಲ್ಲಿ ಇರುವುದು ನಿಜ. ಅದೇ ಆಧಾರದ ಮೇಲೆ ಬೇಗನೆ ದೀಕ್ಷಾಸ್ನಾನ ಕೊಡುವ ಸಭೆಗಳು ಪ್ರಾಮಾಣಿಕವಾಗಿಯೇ ಹಾಗೆ ಮಾಡುತ್ತವೆ. ಆದರೆ ಆ ಅಧಿಕಾರಿ ಯೆರೂಸಲೇಮಿಗೆ ಆರಾಧನೆಗೆ ಹೋಗಿ ಬರುತ್ತಿದ್ದವನು, ರಥದಲ್ಲಿ ಕುಳಿತು ಯೆಶಾಯನ ಪ್ರವಾದನೆ ಓದುತ್ತಿದ್ದವನು. ಅವನಿಗೆ ಅಡಿಪಾಯ ಮೊದಲೇ ಇತ್ತು. ಹೊರಗಿನಿಂದ ಬರುವವರಿಗೆ ಆದಿಸಭೆಯೇ ಮುಂದೆ ಮೂರು ವರ್ಷಗಳವರೆಗಿನ ಶಿಕ್ಷಣವನ್ನು ಇಟ್ಟಿತು. ಇಂದಿಗೂ ಕ್ಯಾಥೊಲಿಕ್ ಸಭೆ ವಯಸ್ಕರನ್ನು ತಿಂಗಳುಗಟ್ಟಲೆ ಸಿದ್ಧಪಡಿಸಿದ ಮೇಲೆಯೇ, ಸಾಮಾನ್ಯವಾಗಿ ಈಸ್ಟರ್ ಹಿಂದಿನ ರಾತ್ರಿ, ದೀಕ್ಷಾಸ್ನಾನ (ಅವರ ಮಾತಿನಲ್ಲಿ ಜ್ಞಾನಸ್ನಾನ) ಕೊಡುತ್ತದೆ. ದಕ್ಷಿಣ ಭಾರತ ಸಭೆಯಲ್ಲೂ (ಸಿ.ಎಸ್.ಐ.) ಬೋಧನೆಯ ಅವಧಿ ಇದೆ. ತಡಮಾಡಿದರೆ ರಕ್ಷಣೆ ಕೈತಪ್ಪುತ್ತದೆ ಎಂದು ಹೆದರಿಸುವುದು ಈ ಪರಂಪರೆಗೆ ಒಪ್ಪುವ ಮಾತಲ್ಲ. ಹೆದರಿ ಕೊಟ್ಟ ಒಪ್ಪಿಗೆಯು ಒಪ್ಪಿಗೆಯೂ ಅಲ್ಲ.

ಈ ಸಂದರ್ಭದಲ್ಲಿ ನಮ್ಮ ನೆಲದ ಹೆಣ್ಣುಮಗಳೊಬ್ಬರನ್ನು ನೆನೆಯದೆ ಇರಲಾರೆ. ಪಂಡಿತಾ ರಮಾಬಾಯಿ 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಮಾಳದವರು, ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ್ದಕ್ಕಾಗಿ ತಮ್ಮವರ ವಿರೋಧ ಕಟ್ಟಿಕೊಂಡವರು. ಊರೂರು ತೀರ್ಥಯಾತ್ರೆ ಮಾಡುತ್ತಲೇ ಬರಗಾಲದಲ್ಲಿ ತಂದೆ ತಾಯಿ ತೀರಿಕೊಂಡರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ, ಪತಿಯೂ ಹೋದರು. 1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜಿನಲ್ಲಿ ಅವರು ದೀಕ್ಷಾಸ್ನಾನ ಪಡೆದರು. ಅಲ್ಲಿನ ಕ್ರೈಸ್ತ ಸಹೋದರಿಯರೊಂದಿಗೆ ಸಿದ್ಧಾಂತದ ಕುರಿತು ಪತ್ರಗಳಲ್ಲಿ ಬಿಡದೆ ವಾದಿಸಿದರು, ಮಾಂಸ ಮುಟ್ಟಲಿಲ್ಲ, ಸೀರೆ ಬಿಡಲಿಲ್ಲ. ಆಮೇಲೆ 1907ರಲ್ಲಿ ತಮ್ಮ ಸಾಕ್ಷಿಯನ್ನು ಬರೆಯುವಾಗ ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡದ್ದು ಇದು: ದೀಕ್ಷಾಸ್ನಾನವಾಗಿ ಎಂಟು ವರ್ಷಗಳ ಮೇಲೆ ಅವರಿಗೆ, ತಾನು ಕಂಡುಕೊಂಡದ್ದು ಕ್ರೈಸ್ತ ಧರ್ಮವನ್ನು, ಆ ಧರ್ಮದ ಜೀವವಾದ ಕ್ರಿಸ್ತನನ್ನಲ್ಲ ಎಂದು ಅರಿವಾಯಿತು. ಅವರಿಗೆ ಸ್ನಾನ ಮೊದಲಾಯಿತು, ತಿರುಗುವಿಕೆ ಆಮೇಲೆ ಬಂದಿತು. ನಿಮಗೆ ತಿರುಗುವಿಕೆ ಮೊದಲು ಬಂದಿದೆ, ಸ್ನಾನ ಆಮೇಲೆ ಬರಬಹುದು. ಎರಡನ್ನೂ ಒಂದೇ ತಿಂಗಳ ಪಂಚಾಂಗದಲ್ಲಿ ಕೂಡಿಸಲೇಬೇಕೆಂಬ ನಿಯಮವಿಲ್ಲ.

ನಿಮ್ಮ ತಾಯಿಯ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡಿತು. ಆ ತಾಯಿ ಧರ್ಮಶಾಸ್ತ್ರ ಕೇಳುತ್ತಿಲ್ಲ. ಸತ್ತ ಮೇಲೂ ತಾನು ಮಗನಿಗೆ ತಾಯಿಯಾಗಿ ಉಳಿಯುತ್ತೇನೋ ಎಂದು ಕೇಳುತ್ತಿದ್ದಾರೆ. ಕ್ರೈಸ್ತನಾದವನು ತಾಯಿಯ ಚಟ್ಟಕ್ಕೆ ಹೆಗಲು ಕೊಡಬಾರದು, ಮಣ್ಣು ಹಾಕಬಾರದು ಎಂಬ ಮಾತು ಸತ್ಯವೇದದಲ್ಲಿ ಎಲ್ಲಿಯೂ ಇಲ್ಲ. ಹತ್ತು ಆಜ್ಞೆಗಳಲ್ಲಿ ಮನುಷ್ಯರಿಗೆ ಸಂಬಂಧಿಸಿದ ಮೊದಲ ಆಜ್ಞೆಯೇ ತಂದೆತಾಯಿಗಳನ್ನು ಸನ್ಮಾನಿಸು ಎಂಬುದು. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಯೇಸು ಕಟುವಾಗಿ ಖಂಡಿಸಿದ್ದು ಯಾರನ್ನು ಎಂದು ಓದಿ ನೋಡಿ: ಇದು ದೇವರಿಗೆ ಮೀಸಲು ಎಂದು ಹೇಳಿ ಹೆತ್ತವರಿಗೆ ಸಲ್ಲಬೇಕಾದದ್ದನ್ನು ತಪ್ಪಿಸುವವರನ್ನು. ಆದ್ದರಿಂದ ನಾಳೆಯೇ ಊರಿಗೆ ಹೋಗಿ, ಅಣ್ಣನ ಎದುರಿನಲ್ಲಿ, "ಅವ್ವ, ನಿನ್ನ ಮಣ್ಣಿಗೆ ನಾನು ಬಂದೇ ಬರುತ್ತೇನೆ, ಹೆಗಲು ಕೊಡುತ್ತೇನೆ, ಮೂರು ಹಿಡಿ ಮಣ್ಣು ಹಾಕುತ್ತೇನೆ" ಎಂದು ಹೇಳಿ. ದೀಕ್ಷಾಸ್ನಾನದ ನಿರ್ಧಾರ ಏನೇ ಆಗಲಿ, ಈ ಮಾತಿಗೆ ಅದರಿಂದ ಅಡ್ಡಿಯಿಲ್ಲ.

ಪಿತೃಪಕ್ಷದ ಎಡೆ, ಮಾರಮ್ಮನ ಹಬ್ಬ ಇವುಗಳ ವಿಷಯ ಸ್ವಲ್ಪ ಬೇರೆ, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಕ್ರಿಸ್ತನೊಬ್ಬನೇ ಕರ್ತನೆಂದು ಅರಿಕೆ ಮಾಡಿದವನು ಎಡೆಯ ಮುಂದೆ ಪೂಜೆ ಸಲ್ಲಿಸುವುದಿಲ್ಲ. ಅಲ್ಲಿ ನಿಮಗೂ ಮನೆಯವರಿಗೂ ನಿಜವಾದ ಅಂತರ ಉಂಟಾಗುತ್ತದೆ. ಆ ಅಂತರವನ್ನು ಜಗಳವಾಗಿಸಬೇಕಾಗಿಲ್ಲ. ಹಬ್ಬದ ದಿನ ಊರಿಗೆ ಹೋಗಿ, ನೀರು ಹೊತ್ತು, ಅಡುಗೆಗೆ ಕೈಜೋಡಿಸಿ, ಅಪ್ಪನನ್ನು ನೆನೆದು ಮೌನವಾಗಿ ಪ್ರಾರ್ಥಿಸಿ, ಪೂಜೆಯನ್ನು ಅಣ್ಣನಿಗೆ ಬಿಟ್ಟು ಪಂಕ್ತಿಯಲ್ಲಿ ಕುಳಿತವರು ನನಗೆ ಗೊತ್ತು. ಎಡೆಯದನ್ನು ಉಣ್ಣಬಹುದೋ ಬಾರದೋ ಎಂಬ ಬಗ್ಗೆ ಸಭೆಗಳಲ್ಲೇ ಒಮ್ಮತವಿಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಎಂಟು ಮತ್ತು ಹತ್ತನೆಯ ಅಧ್ಯಾಯಗಳನ್ನು ಓದಿ ನೀವೇ ತೀರ್ಮಾನಕ್ಕೆ ಬನ್ನಿ. ಏನೇ ತೀರ್ಮಾನಿಸಿದರೂ ಊಟದ ಎಲೆಯ ಮುಂದೆ ಅದನ್ನು ಸಾರಬೇಡಿ.

ನಿಮ್ಮ ಪತ್ನಿ ನಿಮಗಿಂತ ಸ್ಪಷ್ಟವಾಗಿ ಮಾತನಾಡಿದ್ದಾರೆ ಎಂದು ನನಗನ್ನಿಸಿತು. ಅವರ ಕುಂಕುಮವನ್ನು ಅಳಿಸುವ ಅಧಿಕಾರ ಪಾಸ್ಟರಿಗೂ ಇಲ್ಲ, ನಿಮಗೂ ಇಲ್ಲ. ಗಂಡ ನಂಬಿದ್ದಾನೆ, ಹೆಂಡತಿ ನಂಬಿಲ್ಲ ಎಂಬ ಸಂಸಾರಗಳು ಕೊರಿಂಥದಲ್ಲೂ ಇದ್ದವು. ಆಕೆ ಜೊತೆಗಿರಲು ಒಪ್ಪಿದರೆ ಅವನು ಆಕೆಯನ್ನು ಬಿಡಬಾರದು ಎಂದು ಪೌಲನು ಅದೇ ಪತ್ರದ ಏಳನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಒಪ್ಪಿಗೆಯ ಮಾತನ್ನು ಅಲ್ಲಿ ಆಕೆಗೇ ಬಿಟ್ಟದ್ದನ್ನು ಗಮನಿಸಿ. ಹೆಸರು ಬದಲಾಯಿಸಬೇಕೆಂಬುದೂ ತಪ್ಪು ತಿಳಿವಳಿಕೆ. ಹುಟ್ಟಿನ ಹೆಸರನ್ನೇ ಇಟ್ಟುಕೊಂಡ ಕನ್ನಡ ಕ್ರೈಸ್ತರು ಬೇಕಾದಷ್ಟಿದ್ದಾರೆ, ತಾಳಿ ಧರಿಸುವ ಕ್ರೈಸ್ತ ಹೆಂಗಸರೂ ಇದ್ದಾರೆ. ಹದಿನಾಲ್ಕು ತಿಂಗಳು ಗಂಡ ಕುಡಿಯಲಿಲ್ಲವೆಂದು ನಿಮ್ಮ ದೇವರಿಗೆ ಕೈಮುಗಿದ ಹೆಣ್ಣುಮಗಳಿಗೆ, ಆ ದೇವರ ಹೆಸರಿನಲ್ಲೇ ಇನ್ನೊಂದು ಹಿಂಸೆ ಕೊಡುವುದು ಅನ್ಯಾಯ. ಒಡವೆಗಳನ್ನು ಒಂದೊಂದಾಗಿ ಬಿಡಿಸಿ ತರುವ ಲೆಕ್ಕವನ್ನು ಅವರೊಂದಿಗೆ ಕುಳಿತು ಈ ತಿಂಗಳೇ ಹಾಕಿ. ಸಭೆಗೆ ದಶಮಾಂಶ, ಅಂದರೆ ಆದಾಯದ ಹತ್ತನೆಯ ಒಂದು ಪಾಲು, ಕೊಡುವ ಮೊದಲು ಆ ಸಾಲ ತೀರಲಿ. ಇದನ್ನು ಸಭಾಪಾಲಕನಾಗಿಯೇ ಹೇಳುತ್ತಿದ್ದೇನೆ.

ಅಣ್ಣನ ಮಾತಿನಲ್ಲಿ ಅರ್ಧ ಸುಳ್ಳು, ಅರ್ಧ ನಿಜ. ಇಲ್ಲಿ ನಾನು ಹೇಳುವುದು ವಕೀಲರೊಂದಿಗೆ ವರ್ಷಗಳಿಂದ ಒಡನಾಡಿ ತಿಳಿದದ್ದು. ಹೆಜ್ಜೆ ಇಡುವ ಮೊದಲು ನಿಮ್ಮ ಕಾಗದಪತ್ರಗಳನ್ನು ವಕೀಲರೊಬ್ಬರಿಗೆ ತೋರಿಸಲೇಬೇಕು. ಜಮೀನಿನ ಮಾತು ಸುಳ್ಳು. ಮತ ಬದಲಾಯಿಸಿದ ಮಾತ್ರಕ್ಕೆ ಉತ್ತರಾಧಿಕಾರ ಕಳೆಯುವಂತಿಲ್ಲ ಎಂಬ ಕಾಯ್ದೆ 1850ರಲ್ಲೇ ಬಂದಿತ್ತು. ಅದಲ್ಲದೆ ತಂದೆ ಆರು ವರ್ಷಗಳ ಹಿಂದೆಯೇ ತೀರಿಕೊಂಡದ್ದರಿಂದ ನಿಮ್ಮ ಪಾಲು ಆಗಲೇ ನಿಮ್ಮದಾಗಿದೆ. ಪಹಣಿಯಲ್ಲಿ ಹೆಸರು ಬರದಿರುವುದು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸದ ದೋಷವಷ್ಟೆ. ತಾಯಿ ಇರುವಾಗಲೇ, ಎಲ್ಲ ವಾರಸುದಾರರೂ ಕೂಡಿ ಅದನ್ನು ಮಾಡಿಸಿಕೊಳ್ಳಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೆಯ ಕಲಮು ಅಡ್ಡ ಬರುವುದು ಮತಾಂತರದ ನಂತರ ಹುಟ್ಟಿದ ಮಕ್ಕಳಿಗೆ, ಹಿಂದೂ ಬಂಧುಗಳ ಆಸ್ತಿಯ ವಿಷಯದಲ್ಲಿ. ನಿಮ್ಮ ಇಬ್ಬರು ಮಕ್ಕಳೂ ಮೊದಲೇ ಹುಟ್ಟಿದವರು. ಆದರೆ ನೀವು ಹಿಂದೂವಾಗಿ ಉಳಿಯದಿದ್ದರೆ, ಹಿಂದೂವಾಗಿಯೇ ಇರುವ ಮಕ್ಕಳಿಗೆ ನೀವು ಕಾನೂನಿನ ದೃಷ್ಟಿಯಲ್ಲಿ ಸಹಜ ಪೋಷಕರಾಗಿ ಮುಂದುವರಿಯಲಾರಿರಿ. ಪತ್ನಿಗೆ ಅದೇ ಕಾರಣದಿಂದ ವಿಚ್ಛೇದನ ಕೇಳುವ ಹಕ್ಕೂ, ಬೇರೆ ಇದ್ದು ಜೀವನಾಂಶ ಪಡೆಯುವ ಹಕ್ಕೂ ಬರುತ್ತದೆ. ಮದುವೆ ತಾನಾಗಿ ಮುರಿಯುವುದಿಲ್ಲ. ಈ ಸಂಗತಿಗಳನ್ನು ನಿಮಗೆ ದೀಕ್ಷಾಸ್ನಾನದ ದಿನ ಗೊತ್ತುಮಾಡಿದವರು ತಿಳಿಸಿದ್ದಾರೆಂದು ನನಗೆ ತೋರುವುದಿಲ್ಲ.

ಜಾತಿ ಪ್ರಮಾಣಪತ್ರದ ಮಾತು ಮಾತ್ರ ಬಹುಪಾಲು ನಿಜ. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪ್ಯಾರಾ ಪ್ರಕಾರ ಹಿಂದೂಗಳು, 1956ರ ತಿದ್ದುಪಡಿಯಿಂದ ಸಿಖ್ಖರು, 1990ರ ತಿದ್ದುಪಡಿಯಿಂದ ಬೌದ್ಧರು ಮಾತ್ರ ಪರಿಶಿಷ್ಟ ಜಾತಿಯವರೆನಿಸಿಕೊಳ್ಳಬಲ್ಲರು; ಕ್ರೈಸ್ತನಾದ ದಿನದಿಂದ ಆ ಸ್ಥಾನ ನಿಮಗೆ ಇರುವುದಿಲ್ಲ. ಮತ ಬದಲಾದರೂ ಅಸ್ಪೃಶ್ಯತೆಯ ನೋವು ಬದಲಾಗುವುದಿಲ್ಲ, ಹಾಗಾಗಿ ಈ ಭೇದ ನ್ಯಾಯವಲ್ಲ ಎಂದು ದಲಿತ ಕ್ರೈಸ್ತರು ದಶಕಗಳಿಂದ ಹೋರಾಡುತ್ತಿದ್ದಾರೆ, ಅವರ ಪರವಾಗಿಯೇ ನಾನೂ ಇದ್ದೇನೆ. 2022ರಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗವನ್ನೂ ನೇಮಿಸಿತು. ಆದರೂ ಇಂದು ನಿಮ್ಮ ಮನೆಯ ತೀರ್ಮಾನಕ್ಕೆ ಆಧಾರವಾಗಬೇಕಾದದ್ದು ಇಂದಿನ ಕಾನೂನು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಸ್ಥಾನವಿದೆ. ಅದರಲ್ಲಿ ಮೀಸಲಾತಿಯ ಪ್ರಮಾಣ ಕಡಿಮೆ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯಂತೂ ಅದರೊಂದಿಗೆ ಬರುವುದಿಲ್ಲ. ದೀಕ್ಷಾಸ್ನಾನ ಪಡೆದು ಕಾಗದದಲ್ಲಿ ಹಳೆಯದನ್ನೇ ಉಳಿಸಿಕೊಂಡರಾಯಿತು ಎಂದು ಯಾರಾದರೂ ಪಿಸುಗುಟ್ಟಿದರೆ ಒಪ್ಪಬೇಡಿ. ಮಹಿಳೆಯೊಬ್ಬರು ಕ್ರೈಸ್ತಳಾಗಿ ಬದುಕುತ್ತ ಉದ್ಯೋಗಕ್ಕಾಗಿ ಮಾತ್ರ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಕೇಳಿದ್ದನ್ನು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರಿನಲ್ಲಿ ಸಂವಿಧಾನಕ್ಕೆ ಬಗೆದ ವಂಚನೆಯೆಂದು ಕರೆಯಿತು. ಅದಕ್ಕಿಂತ ಮುಖ್ಯವಾಗಿ, ಸುಳ್ಳು ಬಿಟ್ಟು ಬದುಕಲೆಂದು ಹೊರಟವರು ಹೊಸ ಬದುಕನ್ನು ಸುಳ್ಳಿನಿಂದ ಮೊದಲುಮಾಡಬಾರದು. ತಾಯಿಯ ನಂಬಿಕೆಯಲ್ಲಿ ಬೆಳೆಯುತ್ತಿರುವ ಮಕ್ಕಳು ತಂದೆಯ ದೀಕ್ಷಾಸ್ನಾನದಿಂದ ತಾವಾಗಿಯೇ ಕ್ರೈಸ್ತರಾಗಿಬಿಡುವುದಿಲ್ಲ, ಆದರೂ ತಹಶೀಲ್ದಾರರ ವಿಚಾರಣೆಯಲ್ಲಿ ಪ್ರಶ್ನೆ ಏಳಬಹುದು. ಅವರಿಗೆ ನಿಮ್ಮ ಜೊತೆಗೇ ದೀಕ್ಷಾಸ್ನಾನ ಕೊಡಿಸುವ ಮಾತನ್ನಂತೂ ಎತ್ತಬೇಡಿ. ದೊಡ್ಡವರಾಗಿ ಅವರೇ ಆರಿಸಿಕೊಳ್ಳಲಿ.

ರಾಜ್ಯದಲ್ಲಿ 2022ರಲ್ಲಿ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯನ್ನು ನಿಮ್ಮ ಪಾಸ್ಟರ್ ಕೂಡ ಓದಬೇಕು. ಮತಾಂತರ ಹೊಂದುವವರೂ ಅದನ್ನು ನಡೆಸುವವರೂ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ನಮೂನೆಯಲ್ಲಿ ತಿಳಿಸಬೇಕು, ಆಕ್ಷೇಪಣೆಗಳನ್ನು ಕರೆಯಲಾಗುತ್ತದೆ, ಆದ ಮೇಲೆ ಮತ್ತೊಮ್ಮೆ ಘೋಷಣೆ ಸಲ್ಲಿಸಬೇಕು ಎಂದು ಅದು ವಿಧಿಸಿತು. ಒತ್ತಾಯ, ಆಮಿಷಗಳಷ್ಟೇ ಅಲ್ಲ, ದೈವಕೋಪದ ಹೆದರಿಕೆಯನ್ನೂ ಅದು ಅಪರಾಧದ ವ್ಯಾಪ್ತಿಗೆ ತಂದಿತು. ಮತಾಂತರ ಹೊಂದಿದವರು ಪರಿಶಿಷ್ಟ ಜಾತಿಯವರಾದರೆ ನಡೆಸಿದವರಿಗೆ 3ರಿಂದ 10 ವರ್ಷಗಳ ಸೆರೆಯನ್ನು ಗೊತ್ತುಮಾಡಿತು. ಬಂಧುಗಳೂ ಸಹೋದ್ಯೋಗಿಗಳೂ ದೂರು ಕೊಡಲು ಅವಕಾಶವಿತ್ತಿತು. 2023ರ ಜೂನಿನಲ್ಲಿ ರಾಜ್ಯ ಸಚಿವ ಸಂಪುಟ ಈ ಕಾಯ್ದೆಯನ್ನು ರದ್ದುಗೊಳಿಸುವ ನಿರ್ಧಾರ ಕೈಗೊಂಡಿತು. ಸಂಪುಟದ ನಿರ್ಧಾರವೊಂದರಿಂದಲೇ ಕಾಯ್ದೆ ಅಳಿಯುವುದಿಲ್ಲ, ವಿಧಾನಮಂಡಲದ ಒಪ್ಪಿಗೆ ಬೇಕು. ನೀವು ಹೆಜ್ಜೆ ಇಡುವ ದಿನ ಯಾವುದು ಜಾರಿಯಲ್ಲಿದೆಯೆಂದು ವಕೀಲರಿಂದ ಕೇಳಿಕೊಳ್ಳಿ. ಆತ್ಮಸಾಕ್ಷಿಯ ವಿಷಯಕ್ಕೆ ಅಧಿಕಾರಿಯ ಮುಂದೆ ನಮೂನೆ ತುಂಬಬೇಕೆನ್ನುವುದನ್ನು ನಾನು ವೈಯಕ್ತಿಕವಾಗಿ ಒಪ್ಪುವುದಿಲ್ಲ. ಆದರೆ ಗುಟ್ಟಾಗಿ ಮಾಡಿ ಸಿಕ್ಕಿಬಿದ್ದಾಗ ಠಾಣೆಯಲ್ಲಿ ನಿಲ್ಲುವವರು ನೀವು ಮತ್ತು ನಿಮ್ಮ ಪಾಸ್ಟರ್.

ಕಾರ್ಖಾನೆ ಬಿಟ್ಟು ಸೇವೆಗೆ ಬರುವ ಪ್ರಶ್ನೆಗೆ ನನ್ನ ಉತ್ತರ ಖಡಾಖಂಡಿತವಾಗಿ ಬೇಡ ಎಂಬುದು. ಹೊಸದಾಗಿ ಸಭೆಯಲ್ಲಿ ಸೇರಿದವನನ್ನು ಸಭಾಧ್ಯಕ್ಷನ ಸ್ಥಾನದಲ್ಲಿ ಇಡಬಾರದು, ಅವನು ಉಬ್ಬಿಕೊಂಡು ಬಿದ್ದಾನು ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರವೇ ಎಚ್ಚರಿಸುತ್ತದೆ. ನಮ್ಮ ಚರಿತ್ರೆಯಲ್ಲೂ ಇದಕ್ಕೊಂದು ಪಾಠವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ದೀಕ್ಷಾಸ್ನಾನ ಪಡೆದವರಿಗೆ ಕುಲಕಸುಬೂ ಕೂಲಿಯೂ ತಪ್ಪಿಹೋಗುವುದನ್ನು ಕಂಡು ನೇಯ್ಗೆಯ ಶಾಲೆಗಳನ್ನೂ, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ಸಾವಿರಾರು ಕುಟುಂಬಗಳು ಅದರಿಂದ ಅನ್ನ ಕಂಡವು, ಓದು ಕಂಡವು. ಆ ಉಪಕಾರ ದೊಡ್ಡದು. ಆದರೆ ಕೆಲಸ ಕೊಡುವವರೂ ಉಪದೇಶ ಮಾಡುವವರೂ ಒಂದೇ ಆದಾಗ ಮನುಷ್ಯ ತನ್ನ ನಂಬಿಕೆಯನ್ನು ಸ್ವತಂತ್ರವಾಗಿ ಪರೀಕ್ಷಿಸಿಕೊಳ್ಳುವುದು ಕಷ್ಟ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ದೇಶ ಬಿಡಬೇಕಾಗಿ ಬಂದು ಕಾರ್ಖಾನೆಗಳು ಬೇರೆಯವರ ಕೈಸೇರಿದವು. ನಿಮಗೆ ಲೇತ್ ಕೆಲಸ ಬರುತ್ತದೆ, ಸಂಬಳ ಬರುತ್ತದೆ, ನಾಳೆ ಪಾಸ್ಟರ್ ಹೇಳಿದ್ದನ್ನು ಒಪ್ಪದಿದ್ದರೂ ಮನೆಯಲ್ಲಿ ಒಲೆ ಉರಿಯುತ್ತದೆ. ಆ ಸ್ವಾತಂತ್ರ್ಯವನ್ನು ಕೈಬಿಡಬೇಡಿ. ಬದುಕಿಗೆ ಹೊಸ ದಿಕ್ಕು ಸಿಕ್ಕಿತೆಂದರೆ ಕೆಲಸ ಬದಲಾಗಲೇಬೇಕೆಂದಿಲ್ಲ. ಅದೇ ಯಂತ್ರದ ಮುಂದೆ ಕುಡಿಯದೆ ನಿಲ್ಲುವುದೂ ಹೊಸ ದಿಕ್ಕೇ.

ನೀವು ಕೇಳದ ಒಂದು ಸಂಗತಿಯನ್ನೂ ಹೇಳಬೇಕು. ಪ್ರಾರ್ಥನಾ ಕೂಟದಲ್ಲಿ ಪಕ್ಕದಲ್ಲಿ ಕುಳಿತವರು ಜಾತಿ ಕೇಳಲಿಲ್ಲ ಎಂಬುದು ನಿಮ್ಮನ್ನು ಮುಟ್ಟಿರಬೇಕು. ಆ ಗೌರವ ನಿಜವಾದದ್ದೇ. ಆದರೆ ಸಭೆಯೊಳಗೂ ಜಾತಿ ಸತ್ತಿಲ್ಲ. ಮಕ್ಕಳ ಮದುವೆಯ ಮಾತು ಬಂದಾಗ ಅದು ತಲೆಯೆತ್ತುವುದನ್ನು ನಾಚಿಕೆಯಿಂದ ನೋಡಿದ್ದೇನೆ. ಅದನ್ನು ತಿಳಿದೇ ಬನ್ನಿ. ಬಾಬಾಸಾಹೇಬ್ ಅಂಬೇಡ್ಕರರು ಹಿಂದೂವಾಗಿ ಸಾಯುವುದಿಲ್ಲವೆಂದು ಯೇವಲಾದಲ್ಲಿ ಘೋಷಿಸಿದ್ದು 1935ರ ಅಕ್ಟೋಬರಿನಲ್ಲಿ, ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದದ್ದು 1956ರ ಅಕ್ಟೋಬರಿನಲ್ಲಿ. ನಡುವಿನ 21 ವರ್ಷಗಳಲ್ಲಿ ಅವರು ಧರ್ಮಗಳನ್ನು ಓದಿದರು, ತೂಗಿದರು. ಅವರು ಆರಿಸಿಕೊಂಡ ದಾರಿ ನನ್ನದಲ್ಲ, ಅವರು ತೋರಿದ ತಾಳ್ಮೆ ಮಾತ್ರ ನನಗೆ ಮಾದರಿ.

ಹಾಗಾದರೆ ಏನು ಮಾಡಬಹುದು? ದೀಕ್ಷಾಸ್ನಾನವೇ ಬೇಡ, ಮನದಲ್ಲೇ ಕ್ರಿಸ್ತಭಕ್ತನಾಗಿರುತ್ತೇನೆ ಎನ್ನುವ ದಾರಿಯೊಂದಿದೆ. ಆಂಧ್ರದ ಕೆ. ಸುಬ್ಬರಾವ್ ಅವರಂಥವರು ಅದನ್ನು ಬಹಿರಂಗವಾಗಿ ಪ್ರತಿಪಾದಿಸಿದರು. ಅದರಲ್ಲಿ ಕಾನೂನಿನ ತೊಡಕಿಲ್ಲ, ಆದರೆ ವರ್ಷಗಳು ಕಳೆದಂತೆ ನಂಬಿಕೆಯಲ್ಲಿ ಒಂಟಿತನ ಕಾಡುತ್ತದೆ, ಕರ್ತನ ಭೋಜನದ ಮೇಜಿನಿಂದ ದೂರವೇ ಉಳಿಯಬೇಕಾಗುತ್ತದೆ. ಇದನ್ನು ಕೊನೆಯ ನೆಲೆಯಾಗಿ ನಾನು ಸೂಚಿಸಲಾರೆ. ಮುಂದಿನ ತಿಂಗಳೇ ದೀಕ್ಷಾಸ್ನಾನ ಪಡೆಯುವುದರ ಅಪಾಯಗಳನ್ನು ಆಗಲೇ ಹೇಳಿದ್ದೇನೆ. ಮನೆ ಮುರಿದರೆ ಆ ನೋವಿನಲ್ಲಿ ಬಾಟಲಿ ಮತ್ತೆ ಕೈಗೆ ಬರುವ ಸಂಭವ ಅವೆಲ್ಲಕ್ಕಿಂತ ದೊಡ್ಡದು. ನನ್ನ ಸಲಹೆ, ಇಂದಿನಿಂದ ಒಂದು ವರ್ಷ ಕಲಿಯುವವನಾಗಿರಿ. ಒಂದು ಸುವಾರ್ತೆಯನ್ನು ಮೊದಲಿನಿಂದ ಕೊನೆಯವರೆಗೆ ಸ್ವತಃ ಓದಿ, ಬೇರೊಂದು ಸಭೆಯ ಸಭಾಪಾಲಕರನ್ನೂ ಕಂಡು ಪ್ರಶ್ನೆ ಕೇಳಿ, ಆಸ್ಪತ್ರೆಯ ಭೇಟಿ ತಪ್ಪಿಸಬೇಡಿ, ಪೌತಿ ಖಾತೆ ಮುಗಿಸಿ, ವಕೀಲರನ್ನು ಕಾಣಿ. ಇದರ ಕಷ್ಟವೂ ಕಡಿಮೆಯಲ್ಲ: ಎರಡೂ ಕಡೆಯವರು ನಿಮ್ಮನ್ನು ಗಟ್ಟಿ ಮನಸ್ಸಿಲ್ಲದವನೆಂದು ಆಡಿಕೊಳ್ಳಬಹುದು, ಆ ಮಾತು ಚುಚ್ಚುತ್ತದೆ. ಪಾಸ್ಟರಿಗೆ ನೇರವಾಗಿ, ಗೌರವದಿಂದ, "ಅಯ್ಯನವರೇ, ನನಗೆ ಒಂದು ವರ್ಷ ಬೇಕು" ಎಂದು ಹೇಳಿ. ಅವರು ನಿಮ್ಮನ್ನು ಪ್ರೀತಿಸುವವರಾದರೆ ಕಾಯುತ್ತಾರೆ. ಕಾಯಲಾರೆ ಎಂದರೆ ನಿಮಗೆ ಬೇರೆ ಸಭೆ ಬೇಕು. ಅದಕ್ಕಾಗಿ ಬೇರೆ ದೇವರನ್ನು ಹುಡುಕಬೇಕಾಗಿಲ್ಲ.

ಈ ಉತ್ತರವನ್ನು ಒಬ್ಬರೇ ಓದಿ ಮಡಿಸಿಡಬೇಡಿ. ಸಂಜೆ ಕೆಲಸ ಮುಗಿಸಿ ಬಂದ ಮೇಲೆ ನಿಮ್ಮ ಪತ್ನಿಗೆ ಪೂರ್ತಿ ಓದಿ ಹೇಳಿ. ಅವರಿಗೆ ಕೇಳಬೇಕಾದದ್ದು ಇದ್ದರೆ ಅವರೇ ಬರೆಯಲಿ, ಅವರಿಗೆ ಬೇರೆಯಾಗಿಯೇ ಉತ್ತರಿಸುತ್ತೇನೆ.